ಪಾಠಕ್ಕಾಗಿ ಕಳ್ಳನಾದೆ

ಗೆಳೆಯರೇ, ಇವತ್ತು ಪೊಲೀಸರು ನನ್ನನ್ನು ಹಿಡಿದರು. ಸೂರತ್ತಿನ ನಮ್ಮ ಕ್ರಿಮಿನಲ್ ವಕೀಲರಿಗೆ ಕೋರ್ಟಿನಲ್ಲಿ ಭಾನುವಾರದ ಪಾಠವಿತ್ತು. ಕಣ್ಣಾರೆ ಕಂಡವರ ಸಾಕ್ಷಿಯನ್ನು ಎಷ್ಟು ನಂಬಬಹುದು ಎಂಬುದು ವಿಷಯ. ಪಾಠ ಮಾಡುತ್ತಿದ್ದ ಹಿರಿಯ ವಕೀಲ ದೇಸಾಯಿಭಾಯಿ ಮೊದಲೇ ಹೇಳಿಕೊಟ್ಟಂತೆ, ಅವರ ಗುಮಾಸ್ತನಾದ ನಾನು ಮೇಜಿನ ಮೇಲಿದ್ದ ಅವರ ಕೈಗಡಿಯಾರ ಎತ್ತಿಕೊಂಡು ಓಡಿದೆ. ಕಂಡದ್ದನ್ನು ಒಬ್ಬೊಬ್ಬರೂ ಒಂದೊಂದು ರೀತಿ ಹೇಳುತ್ತಾರೆ ಎಂದು ತೋರಿಸುವುದು ಅವರ ಉದ್ದೇಶ. ಬಾಗಿಲಲ್ಲಿದ್ದ ಪೊಲೀಸ್ ಪೇದೆ ನನ್ನ ಕಾಲರ್ ಹಿಡಿದ.

"ಬಿಡಪ್ಪಾ, ಅವನು ಕಳ್ಳನಲ್ಲ!" ಎಂದು ದೇಸಾಯಿಭಾಯಿ ಓಡಿಬಂದರು. ವಕೀಲರೆಲ್ಲ ಹಿಂದೆಯೇ ಬಂದು ಕೂಗಾಡಿದರು.

"ಕಳ್ಳನ ವಕೀಲರು ಯಾವತ್ತು ಬೇರೆ ಮಾತು ಹೇಳಿದ್ದಾರೆ, ಸಾಹೇಬ್?" ಎಂದು ಪೇದೆ ನನ್ನನ್ನು ಪೊಲೀಸ್ ಚೌಕಿಗೆ ಎಳೆದೊಯ್ದ.

ಸುದ್ದಿ ಕೇಳಿ ಹೆಂಡತಿ ಬಂದಳು. ಗುಜರಾತ್ ಬೇರೆ ರಾಜ್ಯವಾಗುವ ಮೊದಲೇ ಧಾರವಾಡದಿಂದ ಬಂದಿದ್ದರೂ ಅವಳಿಗೆ ಗುಜರಾತಿ ಬಾರದು.

"ಇವ್ರಿಗೆ ಮನ್ಯಾಗ ಕಣ್ಣ ಮುಂದಿರೋ ಸಕ್ಕರಿ ಡಬ್ಬಿ ಸಿಗಂಗಿಲ್ಲ, ಇವ್ರೇನ್ ಕಳವು ಮಾಡ್ತಾರ?" ಎಂದಳು.

ಅದನ್ನು ಪೇದೆಗೆ ಗುಜರಾತಿಯಲ್ಲಿ ಹೇಳಬೇಕಾದವನೂ ನಾನೇ. ಅವನು ಬಿದ್ದು ಬಿದ್ದು ನಕ್ಕು, ನನ್ನನ್ನು ಬಿಟ್ಟ.

ಇಂಥ ಸಾಕ್ಷಿಯನ್ನು ನಾನು ಕಂಡಿಲ್ಲ, ಮುಂದಿನ ಪಾಠ ನೀವೇ ಮಾಡಿ ಎಂದು, ಚೌಕಿಗೆ ಹಿಂದೆಯೇ ಬಂದಿದ್ದ ದೇಸಾಯಿಭಾಯಿ ಅವಳಿಗೆ ಕೈಮುಗಿದರು. ಅವಳಿಗೆ ಬಿಡುವಿಲ್ಲವಂತೆ.