ಥರ್ಮಾಕೋಲ್ ಆನೆಗೆ ಘಾಟಿಲ್ಲದ ಬಣ್ಣ

ಅರಕಲಗೂಡಿನ ಪೇಂಟ್ ಅಂಗಡಿಯ ಯಜಮಾನರು ಡಬ್ಬಿಯ ಮುಚ್ಚಳ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದರು. "ನೀವೇ ಮೂಸ್ ನೋಡಿ ಹೇಳಿ ಟೀಚರ್, ಘಾಟು ಐತಾ?"

ನಮ್ಮ ಅಂಗನವಾಡಿಗೆಂದು ನಾನು ಥರ್ಮಾಕೋಲಿನಲ್ಲಿ ಒಂದು ಆನೆ ಕೊರೆದಿದ್ದೆ. ಯಾರನ್ನೂ ಕೇಳದೆ ಆಯಿಲ್ ಪೇಂಟ್ ಬಳಿದೆ. ಆನೆಯ ಕಿವಿ ಕರಗಿ ತೂತು ಬಿತ್ತು. ಕೋಣೆಯೆಲ್ಲ ಘಾಟಾಗಿ, ಮಧ್ಯಾಹ್ನ ಮಕ್ಕಳನ್ನು ಹೊರಗೆ ಜಗಲಿಯಲ್ಲಿ ಮಲಗಿಸಬೇಕಾಯಿತು.

ಹಳೇ ಪಂಚೆಯ ಚೂರುಗಳನ್ನು ಅಂಟಿನಲ್ಲಿ ಅದ್ದಿ ಆನೆಯ ಮೈಗೆಲ್ಲ ಎರಡು ಪದರ ಅಂಟಿಸಿ, ಚೆನ್ನಾಗಿ ಒಣಗಿದ ಮೇಲೆ ನೀರು ಬೆರೆಸುವ ಈ ಎಮಲ್ಷನ್ ಬಣ್ಣ ಬಳಿಯಲು, ನನ್ನ ಫಜೀತಿ ಕೇಳಿದ ಯಜಮಾನರು ಹೇಳಿದ್ದರು. ಮಕ್ಕಳು ತಬ್ಬಿದರೂ ಗುದ್ದಿದರೂ ಸುಲಿಯುವುದಿಲ್ಲವಂತೆ.

ಮೂಸಿದೆ. ಘಾಟಿರಲಿಲ್ಲ. "ನೀವೇ ನೋಡಬಹುದಿತ್ತಲ್ಲ?" ಎಂದೆ.

"ಲಾರಿಗಳಿಗೆ ಬಣ್ಣ ಹೊಡ್ದೂ ಹೊಡ್ದೂ ನನ್ ಮೂಗು ಸತ್ತೋಗೈತೆ ಕಣಮ್ಮ. ಮಕ್ಳು ಮಲ್ಗೋ ಜಾಗ ಅಂತೀರಿ, ನನ್ ಮೂಗು ನಂಬ್ಕಂಡು ಕೊಡಕಾಯ್ತದಾ?"

ಈಗ ಮಕ್ಕಳು ಆನೆಯ ಸೊಂಡಿಲಿಗೆ ಕೆನ್ನೆಯಿಟ್ಟೇ ನಿದ್ದೆ ಹೋಗುತ್ತಾರೆ. ಅಂದು ನಾನು ಅಂಗಡಿಯ ಮೆಟ್ಟಿಲಿಳಿಯುವಾಗ ಪಕ್ಕದಲ್ಲಿ ಕಾಫಿ ಬೀಜ ಹುರಿಯುತ್ತಿದ್ದರು. ಆ ಘಮಕ್ಕೆ ನಿಂತು ಹಿಂತಿರುಗಿ ನೋಡಿದೆ. ಯಜಮಾನರು ತಲೆಯೆತ್ತದೆ ಡಬ್ಬಿಯ ಮುಚ್ಚಳ ಬಿಗಿಯುತ್ತಿದ್ದರು.