ಬಗ್ಗದ ಡ್ಯೂಕ್

ಶನಿವಾರ ಸಂಜೆ ಶಾಲೆಯ ವೇದಿಕೆಯ ಮೇಲೆ, ಶ್ರೀಮಂಗಲದ ಅರ್ಧ ಊರಿನ ಎದುರು, ತನ್ನ ಎಂಟು ವರ್ಷದ ಮಗ ರಾಜದ್ರೋಹ ಮಾಡಲಿದ್ದಾನೆ ಎಂಬ ಚಿಂತೆ ಶೋಭಿತಾಳನ್ನು ಬಿಡಲೊಲ್ಲದು. ಅಕ್ಕಿ ತೊಳೆಯುವಾಗಲೂ ಅದೇ, ಕೋಳಿಗೂಡಿನ ಬಾಗಿಲು ಹಾಕುವಾಗಲೂ ಅದೇ.

ಚಿಂತೆ ಅವಳಿಗೆ ಹೊಸದಲ್ಲ. ಬಾಳೆಲೆ ಎಂಬ ಊರಿನಲ್ಲಿ ಹುಟ್ಟಿ ಮೈಸೂರಿನ ಹಾಸ್ಟೆಲಿನಲ್ಲಿ ಓದಿದವಳು. ಅಲ್ಲಿದ್ದಾಗ ಊರಿನ ಗದ್ದೆಗೆ ಆನೆ ನುಗ್ಗೀತೆಂಬ ಚಿಂತೆ, ರಜೆಗೆ ಊರಿಗೆ ಬಂದರೆ ಮೈಸೂರಿನ ಪರೀಕ್ಷೆಯ ಚಿಂತೆ. ಸಿದ್ಧಾರ್ಥನನ್ನು ಮದುವೆಯಾಗಿ ಶ್ರೀಮಂಗಲದ ತೋಟಕ್ಕೆ ಬಂದ ಮೇಲೆ ಚಿಂತೆಗೆ ಜಾಗ ಇನ್ನಷ್ಟು ವಿಶಾಲವಾಯಿತು. ಮಗ ತೇಜಸ್ ಅತ್ತರೆ ಯಾಕೆ ಅತ್ತ ಎಂದು, ಅಳದಿದ್ದರೆ ಯಾಕೆ ಅಳಲಿಲ್ಲ ಎಂದು ಡಾಕ್ಟರ ಬಳಿ ಓಡುತ್ತಿದ್ದಳು. ಹಲಸು ಬಿಡುವ ಕಾಲದಲ್ಲಿ ಆ ಮಗು ಅಂಗಳದಲ್ಲಿ ಹೆಲ್ಮೆಟ್ ಹಾಕಿಕೊಂಡೇ ಆಡಬೇಕು. “ನಿನ್ನ ಚಿಂತೆಗೂ ಒಂದು ರೇಷನ್ ಕಾರ್ಡ್ ಮಾಡಿಸ್ಬೇಕು ಮಾರಾಯ್ತಿ, ನಮ್ಮನೇಲಿ ಅದೂ ಒಬ್ಬ ಮೆಂಬರ್ ಆಗಿದೆ” ಎನ್ನುತ್ತಿದ್ದ ಸಿದ್ಧಾರ್ಥ.

ಈ ಸಲದ್ದನ್ನು ತಂದಿಟ್ಟವರು ಸಮಾಜ ಪಾಠದ ಉಷಾರಾಣಿ ಟೀಚರ್. ವಾರ್ಷಿಕೋತ್ಸವಕ್ಕೆ ಅವರು ಇಂಗ್ಲೆಂಡಿನ ಹಳೆಯ ಕಥೆಯೊಂದನ್ನು ನಾಟಕ ಮಾಡಿದ್ದರು. ಎಡ್ವರ್ಡ್ ಎಂಬ ದೊರೆ, ಅವನ ತಮ್ಮ ಜಾರ್ಜ್, ಕ್ಲಾರೆನ್ಸಿನ ಡ್ಯೂಕ್. ಅಣ್ಣ ಕೊಟ್ಟ ಭೂಮಿ, ಪದವಿಗಳನ್ನು ಉಂಡುಕೊಂಡು ಸುಖವಾಗಿದ್ದ ಈ ಡ್ಯೂಕ್, ವಾರಿಕ್ ಎಂಬ ದೊಡ್ಡ ಕುಳದ ಮಗಳನ್ನು ಮದುವೆಯಾದ. ಮಾವ ಕಿವಿಯೂದಿದ, ಸಿಂಹಾಸನ ನಿನಗೇ ಎಂದು. ಅಳಿಯ ಮಾವನ ಕಡೆ ಸೇರಿ ಅಣ್ಣನ ಮೇಲೆಯೇ ಕತ್ತಿ ಎತ್ತಿದ. ಅಣ್ಣ ಸಮುದ್ರ ದಾಟಿ ಓಡಬೇಕಾಯಿತು. ಮಾವನೋ, ಅಳಿಯನನ್ನು ಪಕ್ಕಕ್ಕಿಟ್ಟು ಹಿಂದಿನ ರಾಜನನ್ನೇ ತಂದು ಕೂರಿಸಿದ. ಅಣ್ಣ ಸೈನ್ಯ ಕಟ್ಟಿಕೊಂಡು ಮರಳಿದಾಗ ಡ್ಯೂಕ್ ಹೋಗಿ ಮಂಡಿಯೂರಿದ, ಅಣ್ಣ ಎತ್ತಿ ಅಪ್ಪಿಕೊಂಡ. ಅಷ್ಟಾದರೂ ಬುದ್ಧಿ ಬರಲಿಲ್ಲ. ಮತ್ತೆ ಪಿತೂರಿ ಮಾಡಿ ಸಿಕ್ಕಿಬಿದ್ದವನನ್ನು ಸಿಹಿ ವೈನಿನ ಪೀಪಾಯಿಯಲ್ಲಿ ಮುಳುಗಿಸಿ ಕೊಂದರಂತೆ. ಮಕ್ಕಳ ನಾಟಕವಾದ್ದರಿಂದ ಟೀಚರ್ ಅಪ್ಪಿಕೊಳ್ಳುವಲ್ಲಿಗೇ ಪರದೆ ಎಳೆದಿದ್ದರು. ಪೀಪಾಯಿಯ ದೃಶ್ಯ ತಪ್ಪಿದ್ದು ಡ್ಯೂಕನ ಪಾತ್ರಧಾರಿ ತೇಜಸ್‌ಗೆ ಸಣ್ಣ ನಷ್ಟವಾಗಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಎತ್ತರದ ಹುಡುಗಿಯೆಂದು ಎಡ್ವರ್ಡ್ ದೊರೆಯ ಪಾತ್ರ ರಂಜಿತಾಳಿಗೆ ಹೋಗಿತ್ತು. ರಂಜಿತಾ ಎಂದರೆ ಸಿದ್ಧಾರ್ಥನ ಅಣ್ಣ ಧರ್ಮೇಂದ್ರ, ಅತ್ತಿಗೆ ಮಾಲತಿ ದಂಪತಿಯ ಮಗಳು.

ಕಳೆದ ಮಳೆಗಾಲದ ಕೆಸರುಗದ್ದೆ ಹಗ್ಗಜಗ್ಗಾಟದಲ್ಲಿ ಶ್ರೀಮಂಗಲದ ತಂಡಕ್ಕೆ ಧರ್ಮೇಂದ್ರ ಕ್ಯಾಪ್ಟನ್. ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿ ಬಂಡೆಯಂತೆ ನಿಲ್ಲಬೇಕಾದವನು ಸಿದ್ಧಾರ್ಥ. ಎದುರು ಬಾಳೆಲೆಯ ತಂಡ. ಅದನ್ನು ಕಟ್ಟಿ ತಂದವರು ಶೋಭಿತಾಳ ಅಪ್ಪ ಪೊನ್ನಪ್ಪ. ಅವರ ಕಡೆಯವನೊಬ್ಬ ಕಾಲು ಉಳುಕಿಸಿಕೊಂಡು ಕುಳಿತ. ಪೊನ್ನಪ್ಪ ಮೀಸೆ ನೀವಿಕೊಳ್ಳುತ್ತ ಬಂದು ಸಿದ್ಧಾರ್ಥನ ಹೆಗಲ ಮೇಲೆ ಕೈಹಾಕಿ, “ಅಳಿಯ ಅಂದ್ರೆ ಮಗನೇ ಅಲ್ವಾ?” ಎಂದರು. ಅಳಿಯ ಗದ್ದೆಯ ಆ ಬದಿಗೆ ಹೋಗಿ ನಿಂತ. ಶ್ರೀಮಂಗಲದವರು ಕೈಗೆ ಸಿಕ್ಕವನನ್ನು ಕೊನೆಗೆ ನಿಲ್ಲಿಸಿಕೊಂಡರು. ಸೀಟಿ ಊದಿದ್ದೇ ತಡ, ಧರ್ಮೇಂದ್ರ ಕಿವಿಯವರೆಗೂ ಕೆಸರಿನಲ್ಲಿದ್ದ. ಅವನು ಕಣ್ಣು ತೊಳೆದುಕೊಳ್ಳುವ ಮೊದಲೇ ಫೋಟೊ ಊರಿನ ವಾಟ್ಸಾಪ್ ಗುಂಪುಗಳನ್ನೆಲ್ಲ ಸುತ್ತಿಬಂದಿತ್ತು. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ.

“ಅಮ್ಮಾ, ವಾರಿಕ್ ಅಂದ್ರೆ ನಮ್ಮ ಬಾಳೆಲೆ ತಾತನ ಥರಾನಾ?” ಎಂದು ತೇಜಸ್ ಕೇಳಿದ್ದ.

“ಬಾಯ್ಮುಚ್ಕೊಂಡು ಹಾಲು ಕುಡಿ.”

“ಬಾಯಿ ಮುಚ್ಚಿದ್ರೆ ಹೆಂಗೆ ಕುಡಿಯೋದು?”

ಮಗುವಿಗೇ ಹೊಳೆದದ್ದು ಊರಿಗೆ ಹೊಳೆಯದೆ ಇರುತ್ತದೆಯೇ? ಶೋಭಿತಾ ಮರುದಿನವೇ ಶಾಲೆಗೆ ಹೋದಳು.

“ಟೀಚರ್, ಆ ಮಾವನನ್ನ ಚಿಕ್ಕಪ್ಪ ಮಾಡಕ್ಕಾಗಲ್ವಾ?”

“ಐನೂರು ವರ್ಷದ ಹಿಂದೆ ಆಗಿಹೋದ ಮಾವ, ಶೋಭಿತಾ. ಈಗ ಹೇಗೆ ಬದಲಾಯಿಸ್ಲಿ?”

“ಆ ಪಾತ್ರಕ್ಕೆ ಅಂಟಿಸೋ ಮೀಸೆನಾದ್ರೂ ತೆಗೀರಿ. ನಮ್ಮಪ್ಪನದ್ದು ಥೇಟ್ ಹಾಗೇ ಇದೆ.”

“ಮೀಸೆ ಬೇಕಾದ್ರೆ ಈಗ್ಲೇ ತೆಗೀತೇನೆ. ನನ್ನ ತಲೆನೋವು ಮೀಸೆಯಲ್ಲ, ನಿಮ್ಮ ಮಗ.” ಟೀಚರ್ ಕುರ್ಚಿ ಎಳೆದುಕೊಟ್ಟರು. “ಮಂಡಿಯೂರೋದು ನಮ್ಮ ಮಕ್ಕಳಿಗೆ ಬರಲ್ಲ ಅಂತ ನಮ್ಮ ಪದ್ಧತಿಯನ್ನೇ ಹಾಕಿದೆ. ತಮ್ಮ ಮೂರು ಸಲ ಕಾಲು ಮುಟ್ಟಬೇಕು, ಅಣ್ಣ ಎತ್ತಬೇಕು. ಇವನು ಬಗ್ಗೋದೇ ಇಲ್ಲ. ‘ನಮ್ಮಪ್ಪ ದೊಡ್ಡಪ್ಪನ ಕಾಲು ಮುಟ್ಟಿಲ್ಲ, ನಾನ್ಯಾಕೆ ಮುಟ್ಟಲಿ’ ಅಂತಾನೆ. ನಿನ್ನೆ ರಂಜಿತಾ ಕಿರೀಟ ತೆಗೆದಿಟ್ಟು ಹೋಗಿಬಿಟ್ಲು. ಬಸ್ಸಲ್ಲೂ ಈಗ ಬೇರೆ ಬೇರೆ ಸೀಟಂತೆ ಇಬ್ಬರೂ.”

ಶೋಭಿತಾ ಕುರ್ಚಿಯ ಅಂಚಿನಲ್ಲಿ ಕುಳಿತಳು. ತೇಜಸ್‌ಗೆ ಸೈಕಲ್ ಕಲಿಸಿದವಳು ರಂಜಿತಾ. ದೊಡ್ಡವರ ಮಾತು ನಿಂತ ಮೇಲೂ ಇಬ್ಬರೂ ಬೇಲಿಯ ಸಂದಿಯಲ್ಲಿ ನುಸುಳಿ ಆಡುತ್ತಿದ್ದರು. ಆನೆ ಬಾರದ ಗದ್ದೆಗೆ, ಬೀಳದ ಹಲಸಿಗೆ ಇಷ್ಟು ವರ್ಷ ಹೆದರಿದ್ದಳು. ಇದೊಂದು ನಿಜವಾಗಿಯೂ ಕಣ್ಣೆದುರೇ ನಡೆದುಹೋಗಿತ್ತು, ಅವಳು ಮೀಸೆಯ ಚಿಂತೆಯಲ್ಲಿದ್ದಳು.

ಮನೆಗೆ ಬಂದರೆ ಸಿದ್ಧಾರ್ಥ ಕಣದಲ್ಲಿ ಒಣಗಲು ಹಾಕಿದ ಕಾಫಿಯನ್ನು ಹಲಗೆಯಿಂದ ಹರಡುತ್ತಿದ್ದ.

“ನಾಳೆ ಭಾವನ ಮನೆಗೆ ಹೋಗಿಬರೋಣ.”

“ಕರೀಲಿ, ಹೋಗೋಣ.”

“ಕಿರಿಯವರು ನೀವಲ್ವಾ?”

“ಅದು ಆಟ ಶೋಭಿ. ಆಟಕ್ಕೆಲ್ಲ ಯಾರಾದ್ರೂ ಕಾಲು ಹಿಡೀತಾರಾ?”

“ನಿಮ್ಮ ಮಗನೂ ಇದನ್ನೇ ಕಲ್ತಿದ್ದಾನೆ. ರಂಜಿತಾ ಅವನ ಜೊತೆ ಬಸ್ಸಲ್ಲಿ ಕೂರೋದು ಬಿಟ್ಟಿದ್ದಾಳೆ.”

ಹಲಗೆ ಒಂದು ಕ್ಷಣ ನಿಂತು ಮತ್ತೆ ಓಡಾಡತೊಡಗಿತು. “ಕಾಫಿ ಪಿಕಿಂಗ್ ಮುಗೀಲಿ, ನೋಡೋಣ.”

ಶೋಭಿತಾ ಕಣದ ಅಂಚಿನಲ್ಲೇ ನಿಂತು ಫೋನ್ ತೆಗೆದಳು. ಧರ್ಮೇಂದ್ರ ಎತ್ತದಿದ್ದರೆ? ಎತ್ತಿ ಕುಕ್ಕಿಬಿಟ್ಟರೆ? ‘ನಿನ್ನಪ್ಪನನ್ನ ಕೇಳು’ ಎಂದುಬಿಟ್ಟರೆ? ಮೂರನೆಯದರ ಭಯ ಮುಗಿಯುವುದರೊಳಗೆ ಆ ಕಡೆ ಹಲೋ ಎಂದಿತು.

“ಭಾವ, ನಾನು ಶೋಭಿತಾ. ನಾಳೆ ಮಧ್ಯಾಹ್ನ ಊಟಕ್ಕೆ ನಿಮ್ಮನೆಗೆ ಬರ್ತಾ ಇದ್ದೀವಿ. ಇವರೂ ಬರ್ತಾರೆ.”

“ಅವನೇ ಹೇಳಿದ್ನಾ?”

ಸಿದ್ಧಾರ್ಥ ಕಾಫಿಯ ನಡುವೆ ನಿಂತು ಎರಡೂ ಕೈಯಾಡಿಸುತ್ತಿದ್ದ. ಅವಳು ಅವನಿಗೆ ಬೆನ್ನು ಹಾಕಿದಳು.

“ಹ್ಞೂಂ ಭಾವ. ಅವರೇ.”

ಆ ಕಡೆ ಯಾರೊಡನೆಯೋ ಏನೋ ಗೊಣಗಿದ ಸದ್ದು. ಆಮೇಲೆ ಗಂಟಲು ಸರಿಮಾಡಿಕೊಂಡ ಸದ್ದು.

“ಕಡಂಬುಟ್ಟು ಉಂಡೆ ಎಷ್ಟು ಮಾಡ್ಲಿ ಅಂತ ಮಾಲತಿ ಕೇಳ್ತಿದ್ದಾಳೆ. ಅವನು ಈಗ್ಲೂ ಅಷ್ಟೇ ತಿನ್ತಾನಾ?”

ಶೋಭಿತಾ ತಿರುಗಿ ನೋಡಿದಳು. ಗಂಡ ಹಲಗೆಗೆ ಗದ್ದ ಊರಿ, ಮೈಯೆಲ್ಲ ಕಿವಿಯಾಗಿ ನಿಂತಿದ್ದ.

“ಜಾಸ್ತಿ ಆಗಿದೆ ಭಾವ,” ಎಂದಳು.