ಗಂಗವ್ವನವರ ನಾಲ್ಕು ಸುತ್ತು

ಟಕ್ ಎನ್ನಬೇಕಿದ್ದ ರಿಲೇ ತುಟಿ ಪಿಟಕ್ಕೆನ್ನಲಿಲ್ಲ. ರಬಕವಿಯ ನೇಕಾರರ ಓಣಿಯಲ್ಲಿ ಕಂಡಿಕೆಯೆಂಬ ಪುಟ್ಟ ಕೊಳವೆಗೆ ನೂಲು ಸುತ್ತುವ ಗಂಗವ್ವನವರ ಯಂತ್ರ ಗಿರ್ರೆಂದು ತಿರುಗುತ್ತಿತ್ತು. ಧೂಳು ಹೊರಹಾಕುವ ಫ್ಯಾನು ಮಾತ್ರ ಮಿಸುಕಲಿಲ್ಲ.

ಫ್ಯಾನು ಹಚ್ಚಲು ಮರೆತು, ದಿನವಿಡೀ ಧೂಳು ಕುಡಿದು ಕೆಮ್ಮುವ ಅವರಿಗಾಗಿ ನಾನು ಜಮಖಂಡಿಯಿಂದ ಕರೆಂಟ್ ಸೆನ್ಸಿಂಗ್ ಸ್ವಿಚ್ ತಂದಿದ್ದೆ. ಮೋಟಾರಿನ ಒಂದು ವೈರು ಅದರ ಉಂಗುರದೊಳಗೆ ಹಾಯ್ದರೆ ಸಾಕು, ಕರೆಂಟು ಹರಿದೊಡನೆ ಅದರೊಳಗಿನ ರಿಲೇ ಟಕ್ಕೆಂದು ತಾನೇ ಫ್ಯಾನು ಹಚ್ಚುತ್ತದೆ. ಆದರೆ ಈ ಪುಟ್ಟ ಮೋಟಾರಿನ ಕರೆಂಟು ಉಂಗುರಕ್ಕೆ ಗೊತ್ತೇ ಆಗುತ್ತಿರಲಿಲ್ಲ.

"ಯಾಕ್ರೀ, ಏನಾತು?" ಎಂದರು ಗಂಗವ್ವ.

"ಕರೆಂಟ್ ಭಾಳ ಕಡಿಮಿ ಐತ್ರಿ, ಬ್ಯಾರೆ ಸ್ವಿಚ್ಚೇ ತರಬೇಕು. ನಿಮಗ ತಿಳಿಯಂಗಿಲ್ಲ ಬಿಡ್ರಿ" ಎಂದು ಡಿಪ್ಲೊಮಾ ಓದಿದ ಎಲೆಕ್ಟ್ರಿಷಿಯನ್ನಿನ ಗತ್ತಿನಲ್ಲಿ ಹೇಳಿ ಚೀಲ ಕಟ್ಟತೊಡಗಿದೆ.

ಅವರು ಕೆಮ್ಮುತ್ತಲೇ ಬಗ್ಗಿ ಉಂಗುರ ನೋಡಿದರು. "ಒಂದೆಳಿ ನೂಲು ಬೆರಳಿಗೆ ಗೊತ್ತಾಗಂಗಿಲ್ರಿ. ನಾಕ್ ಸುತ್ತು ಸುತ್ತಿದ್ರ ಗೊತ್ತಾಗತೈತಿ. ವೈರನ್ನೂ ಹಂಗ ಸುತ್ತಿ ನೋಡ್ರಲಾ."

ನಗಲು ಬಾಯಿ ತೆರೆದವನು ಕಟ್ಟುತ್ತಿದ್ದ ಚೀಲ ಬಿಚ್ಚಿದೆ. ಅದೇ ವೈರು ನಾಲ್ಕು ಸಲ ಹಾಯ್ದರೆ ಉಂಗುರಕ್ಕೆ ನಾಲ್ಕು ಪಟ್ಟು ಕರೆಂಟು ಕಂಡಂತೆಯೇ! ಮೇನ್ ಆರಿಸಿ, ನಾಲ್ಕು ಸುತ್ತು ಹಾಕಿ, ಮತ್ತೆ ಹಚ್ಚಿದೆ. ಟಕ್! ಫ್ಯಾನು ಓಡಿತು. ಗಂಗವ್ವ ಆಗಲೇ ಮುಂದಿನ ಕಂಡಿಕೆಗೆ ಕೈಹಾಕಿದ್ದರು.

ಹೊರಡುವಾಗ ಅವರಿಂದ ಒಂದು ಖಾಲಿ ಕಂಡಿಕೆ ಕೇಳಿ ತಂದೆ. ಅದೀಗ ಮೀಟರಿನ ಜೊತೆ ನನ್ನ ಚೀಲದಲ್ಲಿದೆ. 'ನಿಮಗ ತಿಳಿಯಂಗಿಲ್ಲ' ಎಂಬ ಮಾತು ನಾಲಿಗೆಯ ತುದಿಗೆ ಬಂದಾಗಲೆಲ್ಲ ಅದನ್ನೊಮ್ಮೆ ಮುಟ್ಟಿ ನೋಡಿಕೊಳ್ಳುತ್ತೇನೆ.